ಕಡತದ ಪಟ್ಟಿಗೆ ಬಣ್ಣ ಬಂದ ಕಥೆ

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪನ ಟ್ರಂಕು ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಹಂದನಕೆರೆ ಹೋಬಳಿಯಲ್ಲಿ ತೆಂಗಿನ ತೋಟ ಇರುವ ಯಾವ ಮನೆಗೆ ಹೋದರೂ ಇಂಥದೊಂದು ಟ್ರಂಕು ಇರುತ್ತದೆ. ಒಳಗೆ ಹಳೆಯ ಪಹಣಿಗಳು, ಕಂದಾಯದ ರಸೀದಿಗಳು, ಅಣ್ಣತಮ್ಮಂದಿರ ಪಾಲುಪಟ್ಟಿ, ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದಿನದ ಚೀಟಿಗಳು. ನಮ್ಮ ತೋಟದ ಒಂದು ಬದುವಿನ ವಿಚಾರ ದಾಯಾದಿಗಳ ಜೊತೆ ಇನ್ನೂ ತೀರಿಲ್ಲ. ಹಾಗಾಗಿ ಅಪ್ಪನಿಗೆ ತೋಟದ ಮೇಲೆ ಎಷ್ಟು ಕಣ್ಣೋ ಟ್ರಂಕಿನ ಮೇಲೂ ಅಷ್ಟೇ ಕಣ್ಣು. ಹಾಳೆಗಳ ಮಡಿಕೆ ಹರಿಯುತ್ತಿದ್ದವು. ಬಿಸಿಎ ಓದುತ್ತಿರುವ ಅಕ್ಕನ ಮಗಳು ಒಂದೊಂದನ್ನೇ ಜಗಲಿಯ ಬೆಳಕಿಗೆ ಹಿಡಿದು ಫೋಟೋ ತೆಗೆದಳು. ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಹಾಕಿ, ವರ್ಷವಾರು ಕೋಶಗಳನ್ನು ಮಾಡಿದಳು.

ಅವಳದು ವಿಂಡೋಸ್ ಯಂತ್ರ. ಕಾಲೇಜಿನ ಪಾಠಕ್ಕೆಂದು ಅದರೊಳಗೇ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದಾಳೆ. ಕಪ್ಪು ಪರದೆ ತೆರೆದು, ವಿಂಡೋಸ್ ಕಡೆಯ ಆ ಜಾಗಕ್ಕೆ ಹೋಗಿ, ಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶ ಕೊಟ್ಟಳು. ಕೋಶಗಳ ಹೆಸರೆಲ್ಲ ಹಸಿರು ಪಟ್ಟಿಯ ಮೇಲೆ ನೀಲಿ ಅಕ್ಷರದಲ್ಲಿ ಬಂದವು. ಕೆಸರಿನಲ್ಲಿ ಬಿದ್ದ ನೇರಳೆ ಹಣ್ಣಿನ ಹಾಗೆ, ಇದೆ ಅಂತ ಗೊತ್ತಾಗುತ್ತದೆ, ಓದಲು ಆಗುವುದಿಲ್ಲ.

“ಯಾಕ್ ಮಾವ ಇದು ಹಿಂಗೆ ಹಸ್ರು ಬಳ್ಕೊಂಡೈತೆ?” ಎಂದಳು. ಕೇಳಿದ ಎರಡೇ ನಿಮಿಷಕ್ಕೆ ಉತ್ತರವನ್ನೂ ಅವಳೇ ಹುಡುಕಿದಳು. ಬಣ್ಣದ ಕಡತದಲ್ಲಿ ಒಂದು ಸಾಲು ಬದಲಾಯಿಸಿದರೆ ಹಸಿರು ಹೋಗಿಬಿಡುತ್ತದಂತೆ.

ಪಕ್ಕದಲ್ಲಿ ಕಾಯಿ ಸುಲಿಯುತ್ತಿದ್ದ ಅಪ್ಪ ತಲೆಯೆತ್ತದೆ ಕೇಳಿದರು, “ಬಣ್ಣ ಬದಲಾಯಿಸಿಬಿಟ್ರೆ ಕಾಯಿ ಬಲೀತೈತಾ?”

ಅಪ್ಪನಿಗೆ ಲಿನಕ್ಸ್ ಗೊತ್ತಿಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ಆ ಹಸಿರು ಅಲಂಕಾರಕ್ಕೆ ಬಂದದ್ದಲ್ಲ. ಅದು ಏನೋ ಹೇಳುತ್ತಿತ್ತು. ಏನು ಹೇಳುತ್ತಿತ್ತು ಎನ್ನುವುದಕ್ಕೆ ಈ ಬಣ್ಣಗಳು ಎಲ್ಲಿಂದ ಬಂದವು ಎಂದು ನೋಡಬೇಕು. ಆ ಕಥೆಯನ್ನು ನಮ್ಮದೇ ಒಂದು ಮಾತಿನಿಂದ ಶುರುಮಾಡಬಹುದು. ಆ ಮಾತು ‘ಕಡತ’.

ಕರಿಯ ಬಟ್ಟೆ, ಬಿಳಿಯ ಬಳಪ

ಇವತ್ತು ಕನ್ನಡದಲ್ಲಿರುವ ಲಿನಕ್ಸ್ ತಂತ್ರಾಂಶಗಳ ಮೆನು ತೆರೆದರೆ ‘ಫೈಲ್’ ಎನ್ನುವ ಕಡೆ ‘ಕಡತ’ ಎಂದಿರುತ್ತದೆ, ‘ಫೋಲ್ಡರ್’ ಎನ್ನುವ ಕಡೆ ‘ಕಡತಕೋಶ’. ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎಂಬ ಮಾತು ಕೇಳದವರಿಲ್ಲ. ಆದರೆ ಕಡತ ಮೊದಲಿಗೆ ಕಾಗದದ ಕಟ್ಟಲ್ಲ, ಬಟ್ಟೆಯ ಪುಸ್ತಕ.

ಮೈಸೂರು ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟನಾಗಿ ಕೆಲಸ ಮಾಡಿದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಇತಿಹಾಸವನ್ನು ಬರೆದ. ಅದರ ಮೊದಲ ಸಂಪುಟ 1810ರಲ್ಲಿ ಹೊರಬಂತು. ತನಗೆ ಯಾವ ಯಾವ ದಾಖಲೆ ಸಿಕ್ಕಿತು ಎಂದು ಹೇಳುವ ಮುನ್ನುಡಿಯಲ್ಲೇ ಅವನು ಕಡತವನ್ನು ವಿವರಿಸುತ್ತಾನೆ. ಸುಮಾರು ಒಂದು ಅಡಿಯೊಳಗಿನ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮಗ್ಗುಲಿಗೆ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ನಮ್ಮಲ್ಲಿ ಆ ಅಂಟು ಹುಣಸೆ ಬೀಜದ್ದು. ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಿಚುತ್ತಿದ್ದರು. ಎರಡು ತುದಿಗೆ ಮರದ ಹಲಗೆ. ಬರೆಯುವುದು ಬಳಪದಲ್ಲಿ. ಕರಿಯ ಹಾಳೆ, ಬಿಳಿಯ ಅಕ್ಷರ. ಒರೆಸಿ ಮತ್ತೆ ಬರೆಯಬಹುದು.

ಬಳಪವೆಂದರೆ ನಮ್ಮ ಸೀಮೆಗೆ ಹೊಸದಲ್ಲ. ತುರುವೇಕೆರೆಯ ಹೊಯ್ಸಳ ಗುಡಿಗಳಲ್ಲಿ, ತಿಪಟೂರಿನ ಹತ್ತಿರದ ಅರಳಗುಪ್ಪೆಯ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿಗಳು ಕೆತ್ತಿದ್ದು ಆ ಮೆದುಕಲ್ಲಿನಲ್ಲೇ. ಉಳಿಗೆ ಸಿಕ್ಕರೆ ಮೂರ್ತಿ, ಕಡ್ಡಿ ಮಾಡಿದರೆ ಲೇಖನಿ.

ವಿಲ್ಕ್ಸ್ ಹೇಳುವ ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬ ವರ್ತಕನ ಕಡತದಲ್ಲಿ, ಸಾಕ್ಷಿಗಳ ಸಮೇತ ಬರೆದ ಸಾಲಪತ್ರವೊಂದು ಸಾಕ್ಷ್ಯವಾಗಿ ಬಂದದ್ದನ್ನೂ, ಅದನ್ನು ಒಪ್ಪಿಕೊಂಡದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವ ಬರಹಕ್ಕೆ ಆ ಮರ್ಯಾದೆ ಹೇಗೆ ಬಂತು? ಅದು ಬಟ್ಟೆಯಿಂದಲೋ ಬಳಪದಿಂದಲೋ ಬಂದದ್ದಲ್ಲ. ಅದನ್ನು ಯಾರು ಇಟ್ಟುಕೊಂಡಿದ್ದಾರೆ, ಯಾರ ಎದುರು ಬರೆದರು, ಯಾರು ತಿದ್ದಬಹುದು ಎಂಬುದು ಎಲ್ಲರಿಗೂ ಗೊತ್ತಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರವಾಗಿರುವುದೂ ಹಾಗೆ ಜೋಪಾನ ಮಾಡಿದವರು ಇದ್ದುದರಿಂದ.

ಹಳ್ಳಿಯ ಲೆಕ್ಕಕ್ಕೂ ಒಬ್ಬ ಯಜಮಾನನಿದ್ದ. ಅವನು ಶಾನುಭೋಗ. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆ ಗ್ರಾಮಾಧಿಕಾರ ರದ್ದತಿ ಕಾಯ್ದೆಯ ಮೂಲಕ 1963ರ ಫೆಬ್ರುವರಿ 1ರಿಂದ ಹೋಯಿತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಹೋದವು. ಅದನ್ನು ಕಟ್ಟಿದವರಿಗೂ ಎದುರಾದದ್ದು ಅದೇ ಹಳೆಯ ಪ್ರಶ್ನೆ. ಹಾಗಾಗಿಯೇ ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು ಎಂಬ ವ್ಯವಸ್ಥೆ ಮಾಡಿದರು. ವಸ್ತು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ: ಯಾರು ತಿದ್ದಬಹುದು?

ಕಪ್ಪು ಪರದೆಯ ಮೇಲಿನ ಬಣ್ಣಗಳಲ್ಲಿ ಒಂದೆರಡು ಹೇಳುವುದೂ ಇದನ್ನೇ. ಅಲ್ಲಿಗೆ ಹೋಗುವ ಮುಂಚೆ ಆ ಪಟ್ಟಿ ಹುಟ್ಟಿದ ಜಾಗ ನೋಡೋಣ.

ಬಣ್ಣವಿಲ್ಲದ ಪಟ್ಟಿ

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಗೆಳೆಯರು ಯುನಿಕ್ಸ್ ಕಟ್ಟಿದರು. ಅದರ ಮೊದಲ ಕೈಪಿಡಿಯ ತಾರೀಖು 1971ರ ನವೆಂಬರ್ 3. ‘ಎಲ್‌ಎಸ್’ ಆ ಕೈಪಿಡಿಯಲ್ಲೇ ಇದೆ. ‘ಲಿಸ್ಟ್’ ಎಂಬ ಮಾತಿನ ಮೊಟಕು ರೂಪ ಅದು.

ಆಗ ಪರದೆಯೇ ಇರಲಿಲ್ಲ. ಇದ್ದದ್ದು ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರ. ಅದರ 33ನೇ ಮಾದರಿ ಸೆಕೆಂಡಿಗೆ 10 ಅಕ್ಷರ ಕಾಗದದ ಸುರುಳಿಯ ಮೇಲೆ ಒಡೆಯುತ್ತಿತ್ತು. ಸೆಕೆಂಡಿಗೆ ಹತ್ತೇ ಅಕ್ಷರ ಅಂದರೆ ಒಂದೊಂದು ಅಕ್ಷರಕ್ಕೂ ಜೀವ ಹಿಂಡಿದ ಹಾಗೆ. ಆ ಕಾಲದ ಆದೇಶಗಳು ಎರಡಕ್ಷರದವು, ಉತ್ತರಗಳು ಚುಟುಕಿನವು. ಕೊಟ್ಟ ಪಟ್ಟಿಯಲ್ಲಿ ಯಾವುದು ಕಡತ, ಯಾವುದು ಕೋಶ ಎನ್ನುವುದು ಹೆಸರು ನೋಡಿ ತಿಳಿಯುತ್ತಿರಲಿಲ್ಲ. ಬೇಕಿದ್ದರೆ ಉದ್ದನೆಯ ಪಟ್ಟಿ ಕೇಳಿ, ಸಾಲಿನ ಮೊದಲಲ್ಲಿ ಬರುವ ಸಣ್ಣ ಅಕ್ಷರಗಳನ್ನು ಓದಬೇಕಿತ್ತು: ಯಾರಿಗೆ ಓದುವ ಹಕ್ಕು, ಯಾರಿಗೆ ಬರೆಯುವ ಹಕ್ಕು, ಯಾರಿಗೆ ಚಲಾಯಿಸುವ ಹಕ್ಕು.

ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಬಳಗ ಇದಕ್ಕೊಂದು ಉಪಾಯ ಮಾಡಿತು. ಹೆಸರಿನ ಬಾಲಕ್ಕೆ ಗುರುತು ಹಚ್ಚುವುದು. ಕೋಶವಾದರೆ ಓರೆಗೆರೆ, ಚಲಾಯಿಸಬಲ್ಲ ಕಡತವಾದರೆ ನಕ್ಷತ್ರ, ಇನ್ನೊಂದು ಕಡತಕ್ಕೆ ಕೈತೋರಿಸುವ ಕೊಂಡಿಯಾದರೆ ಮಿಂಚಂಚೆಯಲ್ಲಿ ಬರುವ ‘ಅಟ್’ ಚಿಹ್ನೆ. ದೊಡ್ಡ ‘ಎಫ್’ ಹಾಕಿ ಎಲ್‌ಎಸ್ ಕೇಳಿದರೆ ಇವತ್ತೂ ಆ ಬಾಲಗಳು ಬರುತ್ತವೆ. ಹೆಸರು ಓದುವುದಕ್ಕಿಂತ ಮುಂಚೆ ಜಾತಿ ತಿಳಿಯಬೇಕು ಎಂಬ ಆಸೆ ಬಣ್ಣಕ್ಕಿಂತ ಹಳೆಯದು. ಬಣ್ಣ ಬಂದದ್ದು ಆ ಆಸೆ ತೀರಿಸುವುದಕ್ಕೆ.

ಮೂರು ದೀಪ, ಎಂಟು ಬಣ್ಣ

ಪರದೆಯಿರುವ ಟರ್ಮಿನಲ್‌ಗಳು ಬಂದಾಗ ಒಂದೊಂದು ಕಂಪನಿಯದು ಒಂದೊಂದು ಭಾಷೆ. ಅಕ್ಷರವನ್ನು ದಪ್ಪ ಮಾಡು, ಅಡಿಗೆರೆ ಎಳೆ ಎಂದು ಒಂದಕ್ಕೆ ಹೇಳುವ ಸಂಕೇತ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. 1976ರಲ್ಲಿ ಯುರೋಪಿನ ಗಣಕ ತಯಾರಕರ ಸಂಘವು ಇದಕ್ಕೆ ಒಂದು ಮಾನಕ ತಂದಿತು. ಅದರ ಹೆಸರು ಇಸಿಎಂಎ-48. ಅಮೆರಿಕದ ಆನ್ಸಿ ಸಂಸ್ಥೆಯ ಮಾನಕ 1979ರಲ್ಲಿ ಬಂತು. ಈ ಸಂಕೇತಗಳನ್ನು ಮನೆಮಾತು ಮಾಡಿದ್ದು 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತಂದ ವಿಟಿ100 ಎಂಬ ಟರ್ಮಿನಲ್. ಇವತ್ತಿನ ಟರ್ಮಿನಲ್ ತಂತ್ರಾಂಶಗಳೆಲ್ಲ ಒಳಗೊಳಗೆ ಅದರ ಮಾತನ್ನೇ ಆಡುತ್ತವೆ. ವಿಟಿ100ಕ್ಕೆ ಬಣ್ಣ ಇರಲಿಲ್ಲ. ದಪ್ಪ, ಅಡಿಗೆರೆ, ಮಿಣುಕು, ಹಿಂದುಮುಂದು, ಇಷ್ಟೇ.

ಸಂಕೇತದ ಕಟ್ಟು ಸರಳ. ಮೊದಲು ‘ಎಸ್ಕೇಪ್’ ಎಂಬ, ಕಣ್ಣಿಗೆ ಕಾಣದ 27ನೇ ಅಕ್ಷರ. ಮುಂದೆ ಬರುವುದು ಓದುವ ಪಠ್ಯವಲ್ಲ, ಪಾಲಿಸುವ ಆಜ್ಞೆ ಎಂದು ಅದು ಪರದೆಗೆ ಹೇಳುತ್ತದೆ. ಆಮೇಲೆ ಚೌಕ ಆವರಣ, ಅಂಕಿಗಳು, ಕೊನೆಗೆ ‘ಎಂ’. 30ರಿಂದ 37ರವರೆಗಿನ ಅಂಕಿಗಳು ಅಕ್ಷರದ ಬಣ್ಣಕ್ಕೆ, 40ರಿಂದ 47ರವರೆಗಿನವು ಹಿನ್ನೆಲೆಗೆ. ಎರಡಂಕಿಯಲ್ಲಿ ಕೊನೆಯದೇ ಬಣ್ಣ: 0 ಕಪ್ಪು, 1 ಕೆಂಪು, 2 ಹಸಿರು, 3 ಹಳದಿ, 4 ನೀಲಿ, 5 ಮೆಜೆಂಟಾ, 6 ಸಯಾನ್, 7 ಬಿಳಿ.

ಎಂಟೇ ಯಾಕೆ? ಪರದೆಯಲ್ಲಿರುವುದು ಮೂರು ದೀಪ. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4 ಎಂದು ಬೆಲೆ ಕಟ್ಟಿ. ಕೆಂಪು ಹಸಿರು ಎರಡೂ ಹೊತ್ತಿದರೆ 1 ಕೂಡಿಸು 2, ಅಂದರೆ 3, ಅದೇ ಹಳದಿ. ಕೆಂಪು ನೀಲಿ ಹೊತ್ತಿದರೆ 5, ಮೆಜೆಂಟಾ. ಹಸಿರು ನೀಲಿಯಾದರೆ 6, ಸಯಾನ್. ಮೂರೂ ಹೊತ್ತಿದರೆ 7, ಬಿಳಿ. ಯಾವುದೂ ಇಲ್ಲದಿದ್ದರೆ ಸೊನ್ನೆ, ಕಪ್ಪು. ಮೂರು ದೀಪವನ್ನು ಹಚ್ಚುವ ಆರಿಸುವ ಎಲ್ಲ ಬಗೆ ಸೇರಿದರೆ ಎಂಟು.

1981ರಲ್ಲಿ ಬಂದ ಐಬಿಎಂ ಪಿಸಿ ಇದಕ್ಕೆ ಮಂದ ಮತ್ತು ಪ್ರಖರ ಎಂಬ ಭೇದ ಸೇರಿಸಿ ಹದಿನಾರು ಮಾಡಿತು. ಅಲ್ಲೊಂದು ತಮಾಷೆ ಇದೆ. ಮಂದವಾದ ಹಳದಿ ಕಣ್ಣಿಗೆ ಹಿತವಾಗಿರಲಿಲ್ಲ. ಐಬಿಎಂನ ಬಣ್ಣದ ಮಾನಿಟರಿನಲ್ಲಿ ಆ ಒಂದು ಬಣ್ಣಕ್ಕೆ ಮಾತ್ರ ಹಸಿರನ್ನು ಅರ್ಧ ತಗ್ಗಿಸುವ ಮಂಡಲ ಇಟ್ಟರು. ಹಳದಿ ಹೋಗಿ ಕಂದು ಬಂತು, ಒಣಗಿದ ತೆಂಗಿನ ಮಟ್ಟೆಯ ಬಣ್ಣ. ಲಿನಕ್ಸ್‌ನ ಮೂಲ ಕನ್ಸೋಲಿನಲ್ಲಿ 33 ಎಂದರೆ ಬರುವುದು ಆ ಕಂದೇ.

ಪಟ್ಟಿಗೆ ಬಣ್ಣ ಹಚ್ಚಿದವರು

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರುಮಾಡಿದ. ಅದು ಓಡುತ್ತಿದ್ದದ್ದು ಮನೆಮನೆಯ ಪಿಸಿಗಳಲ್ಲಿ, ಅಂದರೆ ಬಣ್ಣದ ಪರದೆಗಳ ಮೇಲೆ. ಯುನಿಕ್ಸ್‌ನ ದೊಡ್ಡ ಯಂತ್ರಗಳವರಿಗೆ ಹೊಳೆಯದಿದ್ದದ್ದು ಈ ಹುಡುಗರಿಗೆ ಹೊಳೆಯಿತು. ಬಣ್ಣ ಇದೆಯಲ್ಲ, ಪಟ್ಟಿಗೆ ಹಚ್ಚಿದರೆ? ಗ್ರೆಗ್ ಲೀ ಎಂಬಾತ ಎಲ್‌ಎಸ್‌ಗೆ ಬಣ್ಣದ ತೇಪೆಗಳನ್ನು ಬರೆದ. ಅವುಗಳ ಮೇಲೆ ಪೀಟರ್ ಆನ್ವಿನ್ ಮತ್ತು ಡೆನ್ನಿಸ್ ಫ್ಲಾಹರ್ಟಿ ಕೆಲಸ ಮುಂದುವರಿಸಿದರು. 1990ರ ದಶಕದ ನಡುವೆ ಅದು ಗ್ನೂ ಯೋಜನೆಯ ಎಲ್‌ಎಸ್‌ಗೇ ಸೇರಿತು. ಮೂವರ ಹೆಸರೂ ಆ ತಂತ್ರಾಂಶದ ಮೂಲ ಬರಹದ ತಲೆಯಲ್ಲಿ ಇವತ್ತಿಗೂ ಇವೆ. ನಮ್ಮ ಗುಡಿಗಳ ಕಲ್ಲಿನಲ್ಲಿ ಶಿಲ್ಪಿ ತನ್ನ ಹೆಸರು ಕೆತ್ತಿದ ಹಾಗೆ.

ಆನ್ವಿನ್ ಮಾಡಿದ ಇನ್ನೊಂದು ಕೆಲಸ ‘ಡಿರ್‌ಕಲರ್ಸ್’ ಎಂಬ ಸಣ್ಣ ಸಲಕರಣೆ. ಯಾವ ಜಾತಿಗೆ ಯಾವ ಬಣ್ಣ ಎಂಬುದನ್ನು ಎಲ್‌ಎಸ್‌ನ ಹೊಟ್ಟೆಯೊಳಗೆ ಮುಚ್ಚಿಡದೆ, ಯಾರು ಬೇಕಾದರೂ ತೆರೆದು ಓದುವ, ತಿದ್ದುವ ಒಂದು ಕಡತದಲ್ಲಿ ಇಡುವಂತೆ ಮಾಡಿದ್ದು ಇದು. ಡಿರ್‌ಕಲರ್ಸ್ ಆ ಕಡತವನ್ನು ಓದಿ ‘ಎಲ್‌ಎಸ್_ಕಲರ್ಸ್’ ಎಂಬ ಉದ್ದನೆಯ ಸಾಲು ಕಟ್ಟುತ್ತದೆ. ಎಲ್‌ಎಸ್ ಆ ಸಾಲನ್ನು ನೋಡಿ ಬಣ್ಣ ಹಚ್ಚುತ್ತದೆ. ಆಪಲ್ ಯಂತ್ರಗಳಲ್ಲೂ ಫ್ರೀಬಿಎಸ್‌ಡಿಯಲ್ಲೂ ಪದ್ಧತಿ ಬೇರೆ. ಅಲ್ಲಿ ಜಾತಿಗೆ ಎರಡರಂತೆ ಅಕ್ಷರಗಳನ್ನು ಸಾಲಾಗಿ ಬರೆಯಬೇಕು, ಮೊದಲನೆಯದು ಅಕ್ಷರದ ಬಣ್ಣಕ್ಕೆ, ಎರಡನೆಯದು ಹಿನ್ನೆಲೆಗೆ.

ಗ್ನೂ ಪದ್ಧತಿಯ ಮೂಲ ಬಣ್ಣಗಳನ್ನು ಒಮ್ಮೆ ನೋಡಿ. ಕೋಶಕ್ಕೆ 01;34, ಅಂದರೆ ದಪ್ಪ ನೀಲಿ. ಕೊಂಡಿಗೆ ದಪ್ಪ ಸಯಾನ್. ಚಲಾಯಿಸಬಲ್ಲ ಕಡತಕ್ಕೆ ದಪ್ಪ ಹಸಿರು. ಜಿಪ್ ಮಾಡಿದ ಕಟ್ಟುಗಳಿಗೆ ಕೆಂಪು. ಚಿತ್ರಗಳಿಗೆ ಮೆಜೆಂಟಾ. ಕೈತೋರಿಸುವ ದಿಕ್ಕಿನಲ್ಲಿ ಏನೂ ಇಲ್ಲದ ಅನಾಥ ಕೊಂಡಿಗೆ ಕಪ್ಪಿನ ಮೇಲೆ ಕೆಂಪು. ಇವೆಲ್ಲ ಹಿನ್ನೆಲೆ ಮುಟ್ಟದ ಅಥವಾ ಕಪ್ಪಿನಲ್ಲೇ ಉಳಿದ ಬಣ್ಣಗಳು.

ಅಕ್ಷರದ ಹಿಂದೆ ಬಣ್ಣದ ಪಟ್ಟಿ ಬಂತೆಂದರೆ ಬಹುಪಾಲು ವಿಷಯ ಅಧಿಕಾರದ್ದು. ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಬಂದರೆ ಅದು ‘ಸೆಟ್‌ಯುಐಡಿ’ ಕಾರ್ಯಕ್ರಮ. ಯಾರು ಓಡಿಸಿದರೂ ಅದು ತನ್ನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಸಾಮಾನ್ಯ ಬಳಕೆದಾರ ತನ್ನ ಗುಪ್ತಪದವನ್ನು ತಾನೇ ಬದಲಾಯಿಸಿಕೊಳ್ಳುವುದು ಇದರ ಬಲದಿಂದ. ಈ ಉಪಾಯಕ್ಕೆ ಡೆನ್ನಿಸ್ ರಿಚಿಗೆ 1979ರಲ್ಲಿ ಪೇಟೆಂಟ್ ಸಿಕ್ಕಿತು. ಹಸಿರು ಪಟ್ಟಿಯ ಮೇಲೆ ಕಪ್ಪು ಅಕ್ಷರ ಬಂದರೆ, ಯಾರು ಬೇಕಾದರೂ ಬರೆಯಬಹುದಾದ ಆದರೆ ಇನ್ನೊಬ್ಬರದನ್ನು ಅಳಿಸಲಾಗದ ಕೋಶ. ಹಸಿರು ಪಟ್ಟಿಯ ಮೇಲೆ ನೀಲಿ ಬಂದರೆ ಆ ಕಾವಲೂ ಇಲ್ಲ. ಯಾರು ಬೇಕಾದರೂ ಒಳಗೆ ಬಂದು ಬರೆಯಬಹುದು, ಹೆಸರು ಬದಲಿಸಬಹುದು, ಅಳಿಸಬಹುದು. ಬೇಲಿಯಿಲ್ಲದ ತೋಟ.

ಅಪ್ಪನ ಕಾಗದಗಳಿದ್ದ ಕೋಶಗಳಿಗೆ ಬಂದಿದ್ದು ಆ ಬಣ್ಣವೇ.

ಬಣ್ಣ ಕೈಕೊಡುವ ಜಾಗಗಳು

ಬಣ್ಣ ಬಂದ ಕೂಡಲೇ ಎಲ್ಲರೂ ಮೆಚ್ಚಿದರು ಎಂದೇನಲ್ಲ. ಮೊದಲ ತಕರಾರು ಆ ನೀಲಿಯದೇ. ಎಲ್‌ಎಸ್_ಕಲರ್ಸ್‌ನಲ್ಲಿ ಇರುವುದು 34 ಎಂಬ ಅಂಕಿ ಮಾತ್ರ. ಅದು ಯಾವ ನೀಲಿ ಎಂದು ಗೊತ್ತುಮಾಡುವುದು ಟರ್ಮಿನಲ್. ಹಳೆಯ ಗಾಜಿನ ಪರದೆಗೆ ಗೊತ್ತುಮಾಡಿದ ನೀಲಿ ಚಪ್ಪಟೆ ಪರದೆಯ ಕಪ್ಪಿನಲ್ಲಿ ಮುಳುಗಿಹೋಗುತ್ತಿತ್ತು. ವಿಂಡೋಸ್ ಕನ್ಸೋಲಿನ ಬಣ್ಣಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇದ್ದವು. 2017ರಲ್ಲಿ ಮೈಕ್ರೋಸಾಫ್ಟ್ ಅವನ್ನು ಬದಲಿಸಿದಾಗ ಕೊಟ್ಟ ಕಾರಣಗಳಲ್ಲಿ ಕಡುನೀಲಿ ಓದಲಾಗದೆ ಇದ್ದದ್ದೂ ಒಂದು. ಹಾಗಾಗಿ ನಿಮ್ಮ ಕಣ್ಣಿಗೆ ಪಟ್ಟಿ ಹಿಡಿಸದಿದ್ದರೆ ಎರಡು ಬಾಗಿಲುಗಳಿವೆ. ನೀಲಿಯೇ ಮಂಕೆನಿಸಿದರೆ ಟರ್ಮಿನಲ್‌ನ ಬಣ್ಣಪಟ್ಟಿಯಲ್ಲಿ ತಿಳಿನೀಲಿ ಆರಿಸಿ. ಒಂದು ಜಾತಿಗೆ ಬೇರೆ ಬಣ್ಣ ಬೇಕೆನಿಸಿದರೆ ಡಿರ್‌ಕಲರ್ಸ್ ಕಡತ ತಿದ್ದಿ. ಎಷ್ಟೋ ಜನ ಮೊದಲ ಬಾಗಿಲು ಬಡಿಯಬೇಕಾದ ಕಡೆ ಎರಡನೆಯದನ್ನು ಬಡಿಯುತ್ತಾರೆ.

ಎರಡನೆಯ ತಕರಾರು ಕಣ್ಣಿನದು. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರಿದ್ದಾರೆ, ಗಂಡಸರಲ್ಲಿ ಹೆಚ್ಚು. ಅವರಿಗೆ ಜಿಪ್ ಕಟ್ಟೂ ಓಡುವ ಕಾರ್ಯಕ್ರಮವೂ ಒಂದೇ ಮಣ್ಣುಬಣ್ಣ. ಬರ್ಕ್ಲಿಯ ಬಾಲಗಳು ಇಲ್ಲಿ ಕೈಹಿಡಿಯುತ್ತವೆ. ಬಣ್ಣದ ಜೊತೆಗೆ ದೊಡ್ಡ ಎಫ್ ಕೂಡ ಹಾಕಿಟ್ಟರೆ ಕಣ್ಣು ತಪ್ಪಿದ್ದನ್ನು ಗುರುತು ಹೇಳುತ್ತದೆ.

ಮೂರನೆಯದು ವಿದ್ಯಾರ್ಥಿಗಳು ಒಮ್ಮೆಯಾದರೂ ಬೀಳುವ ಗುಂಡಿ. ಬಣ್ಣ ‘ಯಾವಾಗಲೂ’ ಬರಲಿ ಎಂದು ಕೇಳಿ, ಪಟ್ಟಿಯನ್ನು ಪರದೆಯ ಬದಲು ಒಂದು ಕಡತಕ್ಕೆ ಬರೆಸಿದರೆ, ಎಸ್ಕೇಪ್ ಸಂಕೇತಗಳೂ ಅದರೊಳಗೆ ಹೋಗಿ ಕೂರುತ್ತವೆ. ತೆರೆದು ನೋಡಿದರೆ ಹೆಸರಿನ ಹಿಂದೆ ಮುಂದೆ ಚೌಕ ಆವರಣ, ಅಂಕಿಗಳ ಕಸ. ಅದಕ್ಕೇ ‘ಆಟೋ’ ಎಂಬ ಆಯ್ಕೆ ಇರುವುದು. ಎದುರಿಗೆ ಪರದೆ ಇದೆಯೋ ಇಲ್ಲವೋ ಎಂದು ನೋಡಿ, ಇದ್ದರೆ ಮಾತ್ರ ಬಣ್ಣ ಹಚ್ಚುತ್ತದೆ. 2017ರಲ್ಲಿ ಇನ್ನೂ ಮುಂದೆ ಹೋಗಿ ‘ನೋ_ಕಲರ್’ ಎಂಬ ಸಲಹೆ ಹೊರಟಿತು. ಆ ಹೆಸರಿನ ಚರಾಂಶ ಇಟ್ಟುಕೊಂಡವರ ಮುಂದೆ ಯಾವ ತಂತ್ರಾಂಶವೂ ತಾನಾಗಿ ಬಣ್ಣ ಬಳಿಯಬಾರದು. ಬಣ್ಣ ಬೇಡ ಎನ್ನುವುದೂ ಒಂದು ಆಯ್ಕೆಯೇ ತಾನೆ.

ಕನ್ನಡದವರಿಗೆ ಇನ್ನೊಂದು ಅನುಭವವೂ ಉಂಟು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಸೇರಿತ್ತು, ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದು. ಆದರೆ ಟರ್ಮಿನಲ್ ಎಂದರೆ ಚೌಕುಳಿ ಹಾಳೆ, ಅಕ್ಷರಕ್ಕೊಂದು ಮನೆ. ನಮ್ಮ ಒತ್ತಕ್ಷರ, ದೀರ್ಘ, ಗುಣಿತಗಳು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ. ‘ಚಿಕ್ಕನಾಯಕನಹಳ್ಳಿ’ ಎಂದು ಹೆಸರಿಟ್ಟ ಕೋಶ ಮೈಮುರಿದುಕೊಂಡು ನಿಲ್ಲುತ್ತದೆ. ಆದರೂ ಅದು ಕೋಶ ಎಂದು ಗೊತ್ತಾಗುತ್ತದೆ, ಯಾಕೆಂದರೆ ಅದು ನೀಲಿ. ಅಕ್ಷರ ಒಡೆದ ಕಡೆಯೂ ಬಣ್ಣ ಒಡೆಯುವುದಿಲ್ಲ. ನಮ್ಮ ಲಿಪಿಯವರಿಗೆ ಬಣ್ಣ ಶೋಕಿಯಲ್ಲ, ಊರುಗೋಲು.

ಮತ್ತೆ ಜಗಲಿಗೆ

ಅಕ್ಕನ ಮಗಳಿಗೆ ಇಷ್ಟೂ ಹೇಳಿ ಮುಗಿಸುವಾಗ ಬಿಸಿಲು ಇಳಿದಿತ್ತು. “ಹಂಗಾದ್ರೆ ನಮ್ಮ ಫೋಟೋನ ಯಾರ್ ಬೇಕಾದ್ರೂ ತಿದ್ಬಹುದಾ?” ಎಂದಳು.

ಉದ್ದನೆಯ ಪಟ್ಟಿ ತೆಗೆಸಿದೆ. ಎಲ್ಲ ಕೋಶ, ಎಲ್ಲ ಕಡತಕ್ಕೂ ಓದು, ಬರೆ, ಚಲಾಯಿಸು ಎಂಬ ಮೂರೂ ಹಕ್ಕು ಎಲ್ಲರಿಗೂ ಇತ್ತು. ಅಂಕಿಯಲ್ಲಿ ಹೇಳಿದರೆ 777. ಮೆಜೆಂಟಾ ಆಗಬೇಕಿದ್ದ ಫೋಟೋಗಳೂ ದಪ್ಪ ಹಸಿರಲ್ಲಿ, ಓಡಿಸಬಹುದಾದ ಕಾರ್ಯಕ್ರಮಗಳ ಹಾಗೆ ಕಾಣುತ್ತಿದ್ದವು. ಕಂದಾಯದ ರಸೀದಿಯನ್ನು ಎಲ್ಲಿಗೆ ಓಡಿಸುವುದು! ಕಾರಣ ಇಷ್ಟು. ಆ ಜಾಗ ವಿಂಡೋಸ್‌ನದು. ವಿಂಡೋಸ್ ತನ್ನ ಹಕ್ಕುಗಳನ್ನು ಬೇರೆ ರೀತಿಯಲ್ಲಿ ಬರೆದಿಡುತ್ತದೆ. ಲಿನಕ್ಸ್‌ಗೆ ಬೇಕಾದ ರೂಪದಲ್ಲಿ ಅವು ಅಲ್ಲಿ ಇಲ್ಲದ್ದರಿಂದ, ಎಲ್ಲರಿಗೂ ಎಲ್ಲವೂ ಎಂದು ತೋರಿಸಿಬಿಡುತ್ತದೆ. ಅಂದರೆ ಹಸಿರು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲದಕ್ಕೂ ಒಂದೇ ಬಣ್ಣ ಬಳಿದರೆ ಬಣ್ಣ ಏನನ್ನೂ ಹೇಳದು. ಎಲ್ಲ ಕಾಯಿಯೂ ಹಸಿರಾಗೇ ಕಂಡರೆ ಎಳನೀರು ಯಾವುದು, ಬಲಿತದ್ದು ಯಾವುದು?

ಹಕ್ಕು ಬದಲಿಸುವ ‘ಸಿಎಚ್‌ಮೋಡ್’ ಆದೇಶ ಕೊಟ್ಟಳು. ಏನೂ ಆಗಲಿಲ್ಲ, ಹಕ್ಕನ್ನು ಬರೆದಿಡುವ ಜಾಗವೇ ಅಲ್ಲಿ ಇರಲಿಲ್ಲವಲ್ಲ. ಆಮೇಲೆ ಎಲ್ಲವನ್ನೂ ಲಿನಕ್ಸ್ ಕಡೆಯ ತನ್ನ ಮನೆಕೋಶಕ್ಕೆ ನಕಲು ಮಾಡಿದಳು. ಮತ್ತೆ ಎಲ್‌ಎಸ್. ಕೋಶಗಳ ಹಸಿರು ಪಟ್ಟಿ ಹೋಗಿ ಬರೀ ನೀಲಿ ಉಳಿಯಿತು. ಫೋಟೋಗಳಿಗೆ 644 ಎಂದು ಹಕ್ಕು ಕೊಟ್ಟಳು: ಒಡೆಯ ಬರೆಯಬಹುದು, ಉಳಿದವರು ಓದಬಹುದು ಅಷ್ಟೇ. ಸಾಲು ಸಾಲಾಗಿ ಎಲ್ಲ ಮೆಜೆಂಟಾಕ್ಕೆ ತಿರುಗಿದವು. ಯಾವ ಬಣ್ಣವನ್ನೂ ನಾವು ಬದಲಾಯಿಸಿರಲಿಲ್ಲ. ಸ್ಥಿತಿ ಬದಲಾಯಿತು, ಬಣ್ಣ ಅದರ ಹಿಂದೆ ಬಂತು.

ಅಂತರಜಾಲದಲ್ಲಿ ಅವಳಿಗೆ ಸಿಕ್ಕಿದ್ದ ಮದ್ದು ಇದರ ತಲೆಕೆಳಗು. ಬಣ್ಣ ಅಳಿಸುವುದು, ಸ್ಥಿತಿಯನ್ನು ಹಾಗೇ ಬಿಡುವುದು. ಅದನ್ನು ಮಾಡಲೇಬಾರದು ಎನ್ನುವುದಿಲ್ಲ. ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಹಸಿರಿನ ಮೇಲಿನ ನೀಲಿಯನ್ನು ಆರಿಸಿದವರು ಅದನ್ನು ಓದಬೇಕಾದವರ ಬಗ್ಗೆ ಯೋಚಿಸಿರಲಾರರು. ಕೊನೆಗೆ ನಾವೂ ಆ ಸಾಲು ತಿದ್ದಿದೆವು. ಡಿರ್‌ಕಲರ್ಸ್‌ಗೆ ಮೂಲ ಪಟ್ಟಿ ಮುದ್ರಿಸಲು ಹೇಳಿ, ಅದನ್ನು ಮನೆಕೋಶದಲ್ಲಿ ಚುಕ್ಕೆಯಿಂದ ಶುರುವಾಗುವ ಅದೇ ಹೆಸರಿನ ಕಡತವಾಗಿ ಉಳಿಸಿದೆವು. ಉಬುಂಟುವಿನಲ್ಲಿ ಅಷ್ಟು ಸಾಕು, ಮುಂದಿನ ಸಲ ಟರ್ಮಿನಲ್ ತೆರೆದಾಗ ತಾನೇ ಓದಿಕೊಳ್ಳುತ್ತದೆ. ಅದರಲ್ಲಿ ‘ಅದರ್_ರೈಟಬಲ್’ ಎಂಬ ಸಾಲಿನ ಮುಂದೆ 34;42 ಅಳಿಸಿ 01;37;45 ಎಂದು ಬರೆದಳು. ಮೆಜೆಂಟಾ ಪಟ್ಟಿಯ ಮೇಲೆ ದಪ್ಪ ಬಿಳಿ ಅಕ್ಷರ. ಎಚ್ಚರಿಕೆ ಉಳಿಯಿತು, ಓದಲೂ ಬಂತು. ಈಗಿನ ಟರ್ಮಿನಲ್‌ಗಳಲ್ಲಿ 256 ಬಣ್ಣ, ಹಲವದರಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಛಾಯೆಗಳು ಸಿಗುತ್ತವೆ. ನಮಗೆ ಆ ಹಳೆಯ ಎಂಟರಲ್ಲೇ ಕೆಲಸ ಮುಗಿಯಿತು.

ಕೊನೆಯದಾಗಿ ಅವಳು ಪಾಲುಪಟ್ಟಿಯ ಫೋಟೋಕ್ಕೆ 444 ಕೊಟ್ಟಳು. ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ಬಣ್ಣ ಏನಾಗುತ್ತದೆ ಎಂದು ಕಾದು ನೋಡಿದಳು. ಏನೂ ಆಗಲಿಲ್ಲ, ಅದೇ ಮೆಜೆಂಟಾ. ಎಲ್‌ಎಸ್_ಕಲರ್ಸ್‌ನಲ್ಲಿ ತಿದ್ದಲಾಗದ ಕಡತಕ್ಕೆ ಎಂದು ಬಣ್ಣವೇ ಇಲ್ಲ. ಆ ಪಟ್ಟಿಗೆ ಅಪಾಯ ತೋರಿಸಲು ಗೊತ್ತು, ನೆಮ್ಮದಿ ತೋರಿಸಲು ಗೊತ್ತಿಲ್ಲ.

ಅಪ್ಪ ಕತ್ತಿ ಕೆಳಗಿಟ್ಟು ಬಂದು ಪರದೆ ನೋಡಿದರು. “ಈಗ ಯಾರೂ ತಿದ್ದಕ್ಕಾಗಲ್ವಾ?”

“ಇವಳು ಮನಸ್ಸು ಮಾಡಿದ್ರೆ ಹಕ್ಕು ವಾಪಸ್ ತಗೊಂಡು ತಿದ್ಬಹುದು. ಯಂತ್ರದ ಯಜಮಾನಿಕೆ ಯಾರ ಕೈಲಿದ್ಯೋ ಅವರೂ ತಿದ್ಬಹುದು,” ಎಂದು ಇದ್ದದ್ದನ್ನು ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಆ ಬಣ್ಣಗಳನ್ನೇ ನೋಡಿದರು. ಆಮೇಲೆ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಟ್ರಂಕಿಗೆ ಹಾಕಿ ಬೀಗ ಹಾಕಿದರು. ಬೀಗದ ಕೈಯನ್ನು ಮೊಮ್ಮಗಳ ಕೈಗೆ ಕೊಟ್ಟು, “ಅದೂ ನೀನೇ ನೋಡ್ಕೋ, ಇದೂ ನೀನೇ ನೋಡ್ಕೋ,” ಎಂದರು.